ಇರುವೆ ತಿನ್ನದ ಇರುವೆಹಕ್ಕಿ: ಇಪ್ಪತ್ತು ಗ್ರಾಂ ಹಕ್ಕಿಗೆ ಅಷ್ಟು ದೊಡ್ಡ ಕಾಡು ಯಾಕೆ ಬೇಕು?

ಆಂಟ್‌ಬರ್ಡ್ ಅಂತ ಕೇಳಿದ ತಕ್ಷಣ ಇದೇನೋ ಇರುವೆ ತಿನ್ನುವ ಹಕ್ಕಿ ಇರಬೇಕು ಅನ್ನಿಸುತ್ತದೆ. ಹಾಗೇನಿಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಈ ಹೆಸರಿನ ಒಂದು ದೊಡ್ಡ ಕುಟುಂಬವೇ ಇದೆ, 200ಕ್ಕೂ ಜಾಸ್ತಿ ಜಾತಿಯ ಹಕ್ಕಿಗಳು. ಅವುಗಳಲ್ಲಿ ಬಹುಪಾಲು ಹಕ್ಕಿಗಳಿಗೆ ಇರುವೆಯ ಹಂಗೇ ಇಲ್ಲ, ತಮ್ಮ ಪಾಡಿಗೆ ಎಲೆ ಕೊಂಬೆ ಹುಡುಕಿ ಹುಳ ತಿಂದುಕೊಂಡಿರುತ್ತವೆ. ಆದರೆ ಇಪ್ಪತ್ತಕ್ಕಿಂತ ಕಡಿಮೆ ಜಾತಿಗಳ ಒಂದು ಸಣ್ಣ ಗುಂಪಿದೆ. ಅವು ಇರುವೆ ಇಲ್ಲದೆ ಬದುಕುವುದೇ ಇಲ್ಲ. ತಮಾಷೆ ಅಂದರೆ ಅವೂ ಇರುವೆ ತಿನ್ನುವುದಿಲ್ಲ.

ಆ ಗುಂಪಿನ ಒಂದು ಹಕ್ಕಿಯ ಬಗ್ಗೆ ಇಲ್ಲಿ ಹೇಳಬೇಕು. ಇಂಗ್ಲಿಷಿನಲ್ಲಿ ಅದು ವೈಟ್-ಪ್ಲೂಮ್ಡ್ ಆಂಟ್‌ಬರ್ಡ್, ವಿಜ್ಞಾನದ ಹೆಸರು ಪಿಥಿಸ್ ಆಲ್ಬಿಫ್ರಾನ್ಸ್. ನಾವು ಸುಮ್ನೆ ಬಿಳಿಜುಟ್ಟಿನ ಇರುವೆಹಕ್ಕಿ ಅಂದುಕೊಳ್ಳೋಣ. ಗುಬ್ಬಚ್ಚಿಗಿಂತ ಚಿಕ್ಕದು, ಉದ್ದ ಸುಮಾರು 12 ಸೆಂಟಿಮೀಟರ್, ತೂಕ ಹೆಚ್ಚುಕಡಿಮೆ 20 ಗ್ರಾಂ. ಕಪ್ಪು ತಲೆ, ಬೂದು ಬೆನ್ನು, ಹೊಟ್ಟೆ ಬಾಲವೆಲ್ಲ ಇಟ್ಟಿಗೆಗೆಂಪು, ಕಾಲು ಕಿತ್ತಳೆ. ಇಷ್ಟೇ ಆಗಿದ್ದರೆ ಚೆಂದದ ಇನ್ನೊಂದು ಹಕ್ಕಿ ಅಂತ ಬಿಡಬಹುದಿತ್ತು. ಆದರೆ ಹಣೆಯ ಎರಡೂ ಕಡೆಯಿಂದ ಬಿಳಿ ಗರಿಗಳು ಕೊಂಬಿನ ಹಾಗೆ ಮೇಲೆದ್ದಿರುತ್ತವೆ, ಕೊಕ್ಕಿನ ಕೆಳಗೆ ಬಿಳಿ ಗಡ್ಡ ಇಳಿಬಿದ್ದಿರುತ್ತದೆ. ಗಂಡು ಹೆಣ್ಣು ಎರಡೂ ಹೀಗೇ. ಎಳೆಯ ಹಕ್ಕಿಗಳಿಗೆ ಮಾತ್ರ ಈ ಜುಟ್ಟು ಗಡ್ಡ ಇರುವುದಿಲ್ಲ, ಹಾಗಾಗಿ ನೋಡಿದ ಕೂಡಲೇ ವಯಸ್ಸು ಗೊತ್ತಾಗಿಬಿಡುತ್ತದೆ. 1766ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನಿಯಸ್ ಇದಕ್ಕೆ ಹೆಸರಿಟ್ಟಾಗ ಮನಾಕಿನ್ ಎಂಬ ಬೇರೆಯೇ ಹಕ್ಕಿಗಳ ಗುಂಪಿಗೆ ಸೇರಿಸಿದ್ದ. ಯುರೋಪಿನಲ್ಲಿ ಕೂತು ಅಮೆಜಾನಿನ ಹಕ್ಕಿಗಳನ್ನು ವಿಂಗಡಿಸುತ್ತಿದ್ದ ಕಾಲ ಅದು, ಬಿಡಿ.

ಇದರ ನೆಲೆ ಬಹುಮಟ್ಟಿಗೆ ಅಮೆಜಾನ್ ನದಿಯ ಉತ್ತರದ ಕಾಡು. ಬ್ರೆಜಿಲ್‌ನ ಉತ್ತರ ಭಾಗ, ಗಯಾನಾ, ಸುರಿನಾಮ್, ಫ್ರೆಂಚ್ ಗಯಾನಾ, ವೆನೆಜುವೆಲಾ, ಕೊಲಂಬಿಯಾ, ಪೂರ್ವ ಎಕ್ವಡಾರ್, ಪೆರುವಿನ ಒಂದಷ್ಟು ಭಾಗ. ಬ್ರೆಜಿಲ್‌ನ ಮನಾಸ್ ನಗರದ ಉತ್ತರದ ಕಾಡಿನಲ್ಲಿ ಸಂಶೋಧಕರು ನೆಲಮಟ್ಟದಲ್ಲಿ ಬಲೆ ಕಟ್ಟಿದರೆ ಅತಿ ಹೆಚ್ಚು ಸಿಕ್ಕಿಬೀಳುವ ಹಕ್ಕಿಗಳಲ್ಲಿ ಇದೂ ಒಂದು. ಅಪರೂಪದ ಹಕ್ಕಿಯೇ ಅಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಇರುವೆಗೆ ಬರೋಣ. ಇರುವೆ ಗೊತ್ತಾಗದೆ ಈ ಹಕ್ಕಿ ಅರ್ಥ ಆಗುವುದಿಲ್ಲ.

ಎಸಿಟಾನ್ ಬರ್ಚೆಲ್ಲಿ ಅಂತ ಒಂದು ಇರುವೆ. ಆರ್ಮಿ ಆಂಟ್ ಅನ್ನುತ್ತಾರಲ್ಲ, ಅದರ ಪ್ರಸಿದ್ಧ ಜಾತಿ. ಒಂದೊಂದು ದಂಡಿನಲ್ಲೂ ಲಕ್ಷಗಟ್ಟಲೆ ಇರುವೆ, ಐದಾರು ಲಕ್ಷ ಅನ್ನುವುದು ಮಾಮೂಲಿ ಲೆಕ್ಕ. ರಾಣಿ ಒಬ್ಬಳೇ. ಇವು ಹುತ್ತ ಕಟ್ಟುವುದಿಲ್ಲ, ಮಣ್ಣು ತೋಡುವುದಿಲ್ಲ. ಒಂದರ ಕಾಲಿಗೆ ಇನ್ನೊಂದು ಕಾಲು ಕೊಕ್ಕೆ ಹಾಕಿಕೊಂಡು, ತಮ್ಮ ಮೈಗಳಿಂದಲೇ ಒಂದು ಜೀವಂತ ಗೂಡು ಮಾಡಿಕೊಳ್ಳುತ್ತವೆ, ಟೊಳ್ಳು ಮರದೊಳಗೋ ಬಿದ್ದ ದಿಮ್ಮಿಯ ಕೆಳಗೋ. ರಾಣಿ, ಮೊಟ್ಟೆ, ಮರಿ ಎಲ್ಲ ಅದರೊಳಗೆ. ಕಣ್ಣು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಮುಂದಿನ ಇರುವೆ ಬಿಟ್ಟುಹೋದ ವಾಸನೆಯೇ ದಾರಿ.

ಬೆಳಕು ಹರಿಯುತ್ತಿದ್ದಂತೆ ಗೂಡಿನಿಂದ ಒಂದು ಸಾಲು ಹೊರಡುತ್ತದೆ. ಹೋಗುತ್ತಾ ಹೋಗುತ್ತಾ ಅದು ಬೀಸಣಿಗೆಯಂತೆ ಹರಡಿ, ಎಷ್ಟೋ ಸಲ ಹತ್ತು ಮೀಟರಿಗಿಂತ ಅಗಲವಾಗಿ, ನೆಲವನ್ನೇ ಮುಚ್ಚಿಕೊಂಡು ಮುಂದೆ ಸಾಗುತ್ತದೆ. ತರಗೆಲೆಯ ಕೆಳಗೆ ಹಗಲೆಲ್ಲ ಅಡಗಿ ಕೂರುವ ಪ್ರಾಣಿಗಳಿಗೆ, ಅಂದರೆ ಜಿರಳೆ, ಮಿಡತೆ, ಜೇಡ, ಜರಿ, ಚೇಳು, ಸಣ್ಣ ಹಲ್ಲಿಗಳಿಗೆ ಆಗ ಉಳಿಯುವುದು ಎರಡೇ ದಾರಿ. ಅಲ್ಲೇ ಕೂತರೆ ಇರುವೆ ಹಿಡಿದು ತುಂಡು ಮಾಡುತ್ತದೆ. ಹೊರಗೆ ಓಡಿದರೆ ಬಚಾವಾಗಬಹುದು. ಎಲ್ಲವೂ ಓಡುತ್ತವೆ, ಹಾರುತ್ತವೆ, ಒಣಗಿದ ಎಲೆಗಳ ಮೇಲೆ ಅವು ಬೀಳುವ ಪಟಪಟ ಸದ್ದು ಸ್ವಲ್ಪ ದೂರಕ್ಕೇ ಕೇಳಿಸುತ್ತದೆ. ಹಕ್ಕಿ ಕಾಯುತ್ತಿರುವುದು ಇದಕ್ಕೇ.

ಹೊಲ ಉಳುವಾಗ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿಗಳು ನಡೆದು ಬರುವುದನ್ನು ನೀವೆಲ್ಲ ನೋಡಿರುತ್ತೀರಿ. ಅವಕ್ಕೆ ಬೇಕಾದದ್ದು ಮಣ್ಣು ಮಗುಚಿದಾಗ ಹೊರಬೀಳುವ ಹುಳ. ಅಮೆಜಾನಿನಲ್ಲೂ ನಡೆಯುವುದು ಇದೇ. ಆದರೆ ಟ್ರ್ಯಾಕ್ಟರ್ ಬಾರದ ದಿನ ಬೆಳ್ಳಕ್ಕಿ ಕೆರೆ ಕಡೆ ಹೋಗುತ್ತದೆ, ಗದ್ದೆಗೆ ಇಳಿಯುತ್ತದೆ, ಎಮ್ಮೆ ಹಿಂದೆ ಸುತ್ತುತ್ತದೆ. ನಮ್ಮ ಬಿಳಿಜುಟ್ಟಿನ ಹಕ್ಕಿಗೆ ಹಾಗೆ ಇನ್ನೊಂದು ಕೆಲಸ ಗೊತ್ತಿಲ್ಲ. ಅದರ ಊಟದ ಬಹುಪಾಲು ಬರುವುದೇ ಇರುವೆ ದಂಡಿನ ಮುಂದಿನ ಆ ಗಲಾಟೆಯಿಂದ.

ದಂಡಿನ ಮುಂದೆ ಅದು ಒಂದೇ ಇರುವುದಿಲ್ಲ ಅನ್ನುವುದು ಅದರ ಮೊದಲ ತೊಂದರೆ. ಒಳ್ಳೆಯ ದಾಳಿ ನಡೆಯುತ್ತಿದ್ದರೆ ಅಲ್ಲಿ ಬೇರೆ ಬೇರೆ ಜಾತಿಯ ಹತ್ತಾರು ಹಕ್ಕಿಗಳು ಸೇರಿರುತ್ತವೆ, ಮತ್ತು ಎಲ್ಲರಿಗೂ ಬೇಕಾದದ್ದು ಒಂದೇ ಜಾಗ: ಇರುವೆಗಳು ಮುನ್ನುಗ್ಗುತ್ತಿರುವ ಅಂಚಿನ ಮೇಲೆ, ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ, ನೆಟ್ಟಗೆ ನಿಂತ ಸಣ್ಣ ಸಸಿಯ ಕಾಂಡ. ನೆಲದ ಮೇಲೆ ನಿಲ್ಲುವಂತಿಲ್ಲ, ಕಾಲಿಗೆ ಇರುವೆ ಹತ್ತುತ್ತದೆ. ಸಸಿಯ ಕಾಂಡವನ್ನು ಅಡ್ಡಡ್ಡ ಹಿಡಿದು ಕೂತು, ಕೆಳಗೆ ಏನಾದರೂ ಓಡಿದ ಕೂಡಲೇ ಎರಗಿ, ಕಚ್ಚಿಕೊಂಡು ವಾಪಸ್ ಹಾರಬೇಕು. ಈ ಒಳ್ಳೆಯ ಜಾಗಗಳು ದೊಡ್ಡವರ ಪಾಲು. 50 ಗ್ರಾಂ ತೂಗುವ ದೊಡ್ಡ ಇರುವೆಹಕ್ಕಿಗಳಿವೆ, ಮರಕ್ಕೆ ಅಂಟಿಕೊಂಡು ಹತ್ತುವ ವುಡ್‌ಕ್ರೀಪರ್‌ಗಳಿವೆ, ಅವುಗಳ ನಂತರ 30 ಗ್ರಾಂ ಆಸುಪಾಸಿನ ಮಧ್ಯಮ ಗಾತ್ರದವು. 20 ಗ್ರಾಮಿನ ನಮ್ಮ ಹಕ್ಕಿ ಸಾಲಿನ ಕೊನೆಯಲ್ಲಿ. ಯಾರು ಬಂದರೂ ಅದನ್ನು ಓಡಿಸಬಹುದು, ಓಡಿಸುತ್ತಾರೆ ಕೂಡ.

ಎಡ್ವಿನ್ ವಿಲ್ಲಿಸ್ ಎಂಬ ಅಮೆರಿಕದ ಪಕ್ಷಿವಿಜ್ಞಾನಿ ತನ್ನ ಜೀವಮಾನದ ಬಹುಭಾಗವನ್ನು ಇರುವೆ ದಂಡುಗಳ ಹಿಂದೆಯೇ ಓಡಾಡಿ ಕಳೆದ. ಆಮೇಲಿನ ವರ್ಷಗಳಲ್ಲಿ ಬ್ರೆಜಿಲ್‌ನ ಯೋಶಿಕಾ ಓನಿಕಿ ಜೊತೆಗೂಡಿ ಕೆಲಸ ಮಾಡಿದ. ಗಂಟೆಗಟ್ಟಲೆ ಕೂತು ಯಾವ ಹಕ್ಕಿ ಯಾವ ಕಾಂಡದ ಮೇಲೆ, ಎಷ್ಟು ಎತ್ತರದಲ್ಲಿ, ಯಾರು ಯಾರನ್ನು ಓಡಿಸಿದರು ಅಂತ ಬರೆದಿಟ್ಟ ಮನುಷ್ಯ. ಬಿಳಿಜುಟ್ಟಿನ ಹಕ್ಕಿಯಂಥ ಬಡಪಾಯಿಗಳು ಈ ಪೈಪೋಟಿಯಲ್ಲಿ ಹೇಗೆ ಉಳಿದುಕೊಳ್ಳುತ್ತವೆ ಅನ್ನುವುದನ್ನೂ ವಿವರವಾಗಿ ನೋಡಿದ. ಕಂಡದ್ದು ಇಷ್ಟು. ಅದು ಜಗಳಕ್ಕೆ ನಿಲ್ಲುವುದಿಲ್ಲ. ಓಡಿಸಿದರೆ ಹೋಗುತ್ತದೆ, ಮರುಕ್ಷಣ ಇನ್ನೊಂದು ಕಡೆಯಿಂದ ನುಸುಳುತ್ತದೆ. ದೊಡ್ಡ ಹಕ್ಕಿಗಳು ಒಂದೇ ಜಾಗದಲ್ಲಿ ಕೂತು ಕಾಯುವಾಗ ಇದು ಅವುಗಳ ಮಧ್ಯದ ಸಂದುಗಳಲ್ಲಿ ಸರ್ರನೆ ಬಂದು, ಒಂದು ಹುಳ ಎತ್ತಿಕೊಂಡು ಮಾಯ.

ಇದಕ್ಕಿಂತ ದೊಡ್ಡ ಉಪಾಯ ಇನ್ನೊಂದಿದೆ. ಅದು ಸ್ವಂತ ಜಾಗವನ್ನೇ ಇಟ್ಟುಕೊಳ್ಳುವುದಿಲ್ಲ.

ಉಷ್ಣವಲಯದ ಕಾಡಿನ ನೆಲಮಟ್ಟದ ಹಕ್ಕಿಗಳಲ್ಲಿ ಬಹುಪಾಲು ಜೋಡಿಯಾಗಿ ಒಂದಷ್ಟು ಜಾಗ ಹಿಡಿದುಕೊಂಡು, ಹಾಡಿ ಗದರಿಸಿ ಅದನ್ನು ವರ್ಷಾನುಗಟ್ಟಲೆ ಕಾಯುತ್ತವೆ. ಬಿಳಿಜುಟ್ಟಿನ ಹಕ್ಕಿ ಇದನ್ನು ಬಿಟ್ಟುಬಿಟ್ಟಿದೆ. ಕಾಯಲು ಜಾಗವಿಲ್ಲ, ಹಾಗಾಗಿ ಎಲ್ಲಿ ದಾಳಿ ನಡೆಯುತ್ತಿದೆಯೋ ಅಲ್ಲಿಗೆ ಹೋಗಬಹುದು, ಅಲ್ಲಿ ದೊಡ್ಡವರು ಜಾಸ್ತಿಯಾದರೆ ಇನ್ನೊಂದು ದಂಡು ಹುಡುಕಬಹುದು. ಹೀಗೆ ಅಲೆಯುವುದರಿಂದಲೇ ಒಂದೇ ದಾಳಿಯಲ್ಲಿ ಇವು ಹಲವು ಒಟ್ಟಿಗೆ ಕಾಣುತ್ತವೆ. ಬಲವಿಲ್ಲದ ಹಕ್ಕಿಗೆ ಇದು ಒಳ್ಳೆಯ ಜೀವನಕ್ರಮವೇ. ಆದರೆ ಇದು ನಡೆಯಬೇಕಾದರೆ ಒಂದು ಷರತ್ತಿದೆ: ಹಾರಿ ತಲುಪುವ ದೂರದಲ್ಲಿ ಯಾವಾಗಲೂ ಯಾವುದಾದರೊಂದು ದಂಡು ದಾಳಿಯಲ್ಲಿ ಇರಬೇಕು. ಇರುವೆಗಳು ಆ ಷರತ್ತನ್ನು ಅಷ್ಟು ಸುಲಭವಾಗಿ ಪೂರೈಸುವುದಿಲ್ಲ, ಯಾಕೆಂದರೆ ಅವು ದಿನಾ ಒಂದೇ ರೀತಿ ದಾಳಿ ಮಾಡುವುದಿಲ್ಲ.

ಇದನ್ನು ಬಿಡಿಸಿದವನು ಟಿ. ಸಿ. ಶ್ನೈರ್ಲಾ ಎಂಬ ಅಮೆರಿಕದ ವಿಜ್ಞಾನಿ. ಪನಾಮಾದ ಬಾರೊ ಕೊಲೊರಾಡೊ ದ್ವೀಪದಲ್ಲಿ 1930ರ ದಶಕದಿಂದ ಈ ಇರುವೆಗಳನ್ನು ಹಿಂಬಾಲಿಸಿದ. ಒಂದು ದಂಡಿನ ಬದುಕು ಸುಮಾರು 35 ದಿನಗಳ ಚಕ್ರದಲ್ಲಿ ಸುತ್ತುತ್ತದೆ ಎಂದು ತೋರಿಸಿದ. ಮೊದಲ ಸುಮಾರು 15 ದಿನ ಗೂಡಿನಲ್ಲಿ ಹಸಿದ ಮರಿಹುಳುಗಳಿರುತ್ತವೆ. ಲಕ್ಷಾಂತರ ಇರುವೆಗಳ ದಂಡು, ಅವುಗಳ ಮಧ್ಯೆ ದಿನಾ ತಿಂದು ಬೆಳೆಯುವ ಹತ್ತಾರು ಸಾವಿರ ಬಾಯಿ. ದಿನಾ ದೊಡ್ಡ ದಾಳಿ ಆಗಲೇಬೇಕು, ಒಂದೇ ಜಾಗದಲ್ಲಿ ನಾಲ್ಕು ದಿನ ಕೂತರೆ ಸುತ್ತಮುತ್ತ ಏನೂ ಉಳಿಯುವುದಿಲ್ಲ, ಹಾಗಾಗಿ ರಾತ್ರಿಯಾದರೆ ಗೂಡು ಕಿತ್ತುಕೊಂಡು, ಮರಿಗಳನ್ನು ಹೊತ್ತುಕೊಂಡು ಹೊಸ ಜಾಗಕ್ಕೆ ಹೊರಡುತ್ತವೆ. ಆಮೇಲೆ ಮರಿಹುಳುಗಳು ತಮ್ಮ ಸುತ್ತ ರೇಷ್ಮೆಯ ಕೋಶ ನೇಯ್ದುಕೊಂಡು ಪ್ಯೂಪಾ ಆಗುತ್ತವೆ. ಪ್ಯೂಪಾ ಊಟ ಕೇಳುವುದಿಲ್ಲ. ಮುಂದಿನ ಸುಮಾರು 20 ದಿನ ದಂಡು ಒಂದೇ ಕಡೆ ಉಳಿಯುತ್ತದೆ. ದಾಳಿ ಚಿಕ್ಕದು, ಕೆಲವು ದಿನ ಹೊರಗೇ ಬರುವುದಿಲ್ಲ. ಈ ನಡುವೆ ರಾಣಿ ಹೊಸ ಮೊಟ್ಟೆಗಳನ್ನು ರಾಶಿ ರಾಶಿ ಇಡುತ್ತಾಳೆ. ಆ ಮೊಟ್ಟೆ ಒಡೆದು ಮರಿ ಬರುವ ಹೊತ್ತಿಗೆ ಹಳೆಯ ಪ್ಯೂಪಾಗಳಿಂದ ಹೊಸ ಇರುವೆಗಳೂ ಬರುತ್ತವೆ, ಮತ್ತೆ ಅಲೆದಾಟ ಶುರು.

ಹಕ್ಕಿಯ ಕಡೆಯಿಂದ ಇದನ್ನು ನೋಡಿ. ನಿಮಗೆ ಗೊತ್ತಿರುವ ಒಂದು ದಂಡು 35ರಲ್ಲಿ 20 ದಿನ ಮಂದವಾಗಿ ಕೂತಿರುತ್ತದೆ. ಉಳಿದ 15 ದಿನ ಚೆನ್ನಾಗಿ ದಾಳಿ ಮಾಡುತ್ತದೆ, ಆದರೆ ರಾತ್ರೋರಾತ್ರಿ ಜಾಗ ಬದಲಾಯಿಸುತ್ತದೆ. ಅಂದರೆ ಒಂದನ್ನೇ ನಂಬಿಕೊಂಡರೆ ಉಪವಾಸವೇ. ಹಲವು ದಂಡುಗಳ ಮೇಲೆ ಏಕಕಾಲಕ್ಕೆ ಕಣ್ಣಿಟ್ಟಿರಬೇಕು. ಇರುವೆಯನ್ನೇ ನಂಬಿದ ಹಕ್ಕಿಗಳಲ್ಲಿ ಇದಕ್ಕಾಗಿಯೇ ಒಂದು ಅಭ್ಯಾಸವಿದೆ: ಬೆಳಿಗ್ಗೆ ಇರುವೆ ಗೂಡಿನ ಹತ್ತಿರ ಹೋಗಿ ಇಣುಕಿ ನೋಡುವುದು. ಸಾಲು ಹೊರಟಿದೆಯಾ, ಯಾವ ದಿಕ್ಕಿಗೆ? ಇನ್ನೂ ಹೊರಟಿಲ್ಲ ಅಂದರೆ ಮುಂದಿನ ಗೂಡಿಗೆ. ಅಪರೂಪಕ್ಕೊಮ್ಮೆ ದಾಳಿಗೆ ಬಂದು ಸೇರುವ ಬೇರೆ ಹಕ್ಕಿಗಳು ಸಾಮಾನ್ಯವಾಗಿ ಹೀಗೆ ಗೂಡು ನೋಡಲು ಹೋಗುವುದಿಲ್ಲ, ಅವು ದಾಳಿ ತಮ್ಮ ಜಾಗದ ಮೂಲಕ ಹಾದುಹೋದಾಗ ಲಾಭ ಮಾಡಿಕೊಳ್ಳುತ್ತವೆ ಅಷ್ಟೇ. ಗೂಡು ನೋಡಿ ಬರುವುದಕ್ಕೆ ನಿನ್ನೆ ಅದು ಎಲ್ಲಿತ್ತು ಅನ್ನುವ ನೆನಪು ಬೇಕು, ಅದೂ ದಿನಾ ಸ್ಥಳ ಬದಲಿಸುವ ಗೂಡಿನದ್ದು. ಅಷ್ಟು ಸಣ್ಣ ತಲೆಯಲ್ಲಿ ಇಷ್ಟೊಂದು ಲೆಕ್ಕಾಚಾರ ನಡೆಯುತ್ತದಲ್ಲ ಅನ್ನುವುದೇ ನನಗೆ ಈ ಹಕ್ಕಿಯ ಬಿಳಿ ಗಡ್ಡಕ್ಕಿಂತ ಹೆಚ್ಚು ಇಷ್ಟವಾಗುವ ಸಂಗತಿ.

ನಾವೂ ಸ್ವಲ್ಪ ಲೆಕ್ಕ ಹಾಕೋಣ. ಬಾರೊ ಕೊಲೊರಾಡೊ ದ್ವೀಪ ಸುಮಾರು 1,500 ಹೆಕ್ಟೇರ್, ಅಲ್ಲಿರುವ ದಂಡುಗಳು ಸುಮಾರು 50. ಅಂದರೆ ಒಂದು ದಂಡಿಗೆ 30 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸುಮಾರು 75 ಎಕರೆ. ದಂಡುಗಳು ಒಂದಕ್ಕೊಂದು ಮಾತಾಡಿಕೊಂಡು ಚಕ್ರ ನಡೆಸುವುದಿಲ್ಲ, ಒಂದೊಂದು ಒಂದೊಂದು ಹಂತದಲ್ಲಿರುತ್ತದೆ. ಹಾಗಾದರೆ ಯಾವುದೋ ಒಂದು ದಿನ ಒಂದು ದಂಡು ಮಂದವಾಗಿರುವ ಸಂಭವ 35ಕ್ಕೆ 20, ಅಂದರೆ ನೂರಕ್ಕೆ 57. ಹಕ್ಕಿಯ ಕೈಗೆಟುಕುವುದು ಮೂರು ದಂಡು ಅಂತಿಟ್ಟುಕೊಳ್ಳಿ, ಮೂರೂ ಒಟ್ಟಿಗೆ ಮಂದವಾಗಿರುವ ದಿನ ನೂರಕ್ಕೆ ಸುಮಾರು 19. ಐದು ದಿನಕ್ಕೊಮ್ಮೆ ಅರೆಹೊಟ್ಟೆ. ಐದು ದಂಡು ಇದ್ದರೆ ಅದು ನೂರಕ್ಕೆ 6ಕ್ಕೆ ಇಳಿಯುತ್ತದೆ. ಹತ್ತು ಇದ್ದರೆ ಸಾವಿರ ದಿನಕ್ಕೆ ನಾಲ್ಕು ದಿನವೂ ಇಲ್ಲ. ಇದು ಒರಟು ಲೆಕ್ಕ, ಮಂದ ಹಂತದಲ್ಲೂ ಇರುವೆಗಳು ಒಂದಷ್ಟು ದಾಳಿ ಮಾಡುತ್ತವೆ, ನಿಜ. ಆದರೂ ವಿಷಯ ಗೊತ್ತಾಗುತ್ತದೆ. ಹತ್ತು ದಂಡು ಅಂದರೆ 300 ಹೆಕ್ಟೇರ್, ಮಧ್ಯೆ ಎಲ್ಲೂ ಕಡಿಯದ ಕಾಡು. 20 ಗ್ರಾಂ ಹಕ್ಕಿಗೆ!

ಮನಾಸ್‌ನಲ್ಲಿ ನಡೆದದ್ದು ಈ ಲೆಕ್ಕದ ಪರೀಕ್ಷೆ. 1970ರ ದಶಕದ ಕೊನೆಯಲ್ಲಿ ಆ ನಗರದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ ದನ ಮೇಯಿಸಲು ಕಾಡು ಕಡಿಯುತ್ತಿದ್ದರು. ತಮ್ಮ ಜಮೀನಿನ ಅರ್ಧದಷ್ಟು ಕಾಡನ್ನು ಉಳಿಸಬೇಕು ಅಂತ ಬ್ರೆಜಿಲ್‌ನಲ್ಲಿ ಆಗ ಕಾನೂನಿತ್ತು. ಥಾಮಸ್ ಲವ್‌ಜಾಯ್ ಎಂಬ ವಿಜ್ಞಾನಿಗೆ ಹೊಳೆದದ್ದು ಸರಳ: ಹೇಗೂ ಉಳಿಸುತ್ತೀರಿ, ಆ ಉಳಿಸುವ ಕಾಡನ್ನು ನಾವು ಹೇಳಿದ ಅಳತೆಯಲ್ಲಿ ತುಂಡು ತುಂಡಾಗಿ ಬಿಡಿ. 1979ರಲ್ಲಿ ಯೋಜನೆ ಶುರುವಾಯಿತು. 1 ಹೆಕ್ಟೇರಿನ ಐದು ತುಂಡು, 10 ಹೆಕ್ಟೇರಿನ ನಾಲ್ಕು, 100 ಹೆಕ್ಟೇರಿನ ಎರಡು. ಸುತ್ತಲಿನ ಕಾಡು ಕಡಿಯುವ ಮೊದಲೇ ಅಲ್ಲಿ ಯಾವ ಹಕ್ಕಿ ಎಷ್ಟಿವೆ ಅಂತ ಬಲೆ ಹಾಕಿ ಎಣಿಸಿಟ್ಟುಕೊಂಡರು, ಕಡಿದ ಮೇಲೂ ಎಣಿಸುತ್ತಲೇ ಹೋದರು. ಆ ಕೆಲಸ ಇವತ್ತಿಗೂ ಮುಂದುವರಿದಿದೆ. ಲವ್‌ಜಾಯ್ 2021ರಲ್ಲಿ ತೀರಿಕೊಂಡರು.

ಹಕ್ಕಿಗಳ ಲೆಕ್ಕವನ್ನು ರಾಬ್ ಬಿಯರೆಗಾರ್ಡ್ ಮತ್ತು ಫಿಲಿಪ್ ಸ್ಟೌಫರ್ ಎಂಬ ಪಕ್ಷಿವಿಜ್ಞಾನಿಗಳು ನೋಡಿದಾಗ, 1 ಮತ್ತು 10 ಹೆಕ್ಟೇರಿನ ತುಂಡುಗಳಲ್ಲಿ ಮೊದಲು ಕಾಣೆಯಾದವರ ಪಟ್ಟಿಯಲ್ಲಿ ಇರುವೆ ಹಿಂಬಾಲಿಸುವ ಹಕ್ಕಿಗಳೇ ಇದ್ದವು. ಬಿಳಿಜುಟ್ಟಿನದ್ದು, ಅದರ ಜೊತೆಗಾರ ಕೆಂಪುಗಂಟಲಿನ ಇರುವೆಹಕ್ಕಿ, ಬಿಳಿಗದ್ದದ ವುಡ್‌ಕ್ರೀಪರ್, ಮೂರೂ. ವರ್ಷಗಟ್ಟಲೆ ಕಾಯಬೇಕಾಗಲಿಲ್ಲ, ಬಹಳ ಬೇಗ ಖಾಲಿ. ಕಡಿಯುವ ಮೊದಲು ಬಲೆಗೆ ಅತಿ ಹೆಚ್ಚು ಬೀಳುತ್ತಿದ್ದ ಹಕ್ಕಿಗಳಲ್ಲಿ ಇದೂ ಒಂದು ಅಂದೆನಲ್ಲ, ಅದೇ ಹಕ್ಕಿ. ಮರಗಳು ಹಾಗೇ ನಿಂತಿದ್ದವು, ತರಗೆಲೆಯಲ್ಲಿ ಜಿರಳೆಯೂ ಮಿಡತೆಯೂ ಇದ್ದವು. ಆದರೆ 10 ಹೆಕ್ಟೇರಿನಲ್ಲಿ ಒಂದು ದಂಡು ಇರುವೆಗೇ ಜಾಗ ಸಾಲದು, ಇನ್ನು ಹತ್ತು ದಂಡು ಎಲ್ಲಿಂದ ಬರಬೇಕು? ಹಾರಿ ಪಕ್ಕದ ಕಾಡಿಗೆ ಹೋಗಿಬರಬಹುದಲ್ವಾ ಅಂತ ಕೇಳಬಹುದು. ಈ ಹಕ್ಕಿಗಳು ಕಾಡಿನ ನೆರಳಿನಲ್ಲೇ ಹುಟ್ಟಿ ಬೆಳೆದವು, ಬಟಾಬಯಲನ್ನು ದಾಟಲು ಹಿಂಜರಿಯುತ್ತವೆ. ನೂರು ಮೀಟರ್ ಒಳಗಿನ ಖಾಲಿ ಹುಲ್ಲುಗಾವಲು ಕೂಡ ಅವಕ್ಕೆ ದೊಡ್ಡ ತಡೆ. ರೆಕ್ಕೆ ಇದ್ದೂ ಹಾರುವುದಿಲ್ಲ ಅನ್ನುವುದನ್ನು ನಂಬಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು.

ದೊಡ್ಡ ಹಕ್ಕಿಗಳೊಂದಿಗೆ ಜಗಳ ತಪ್ಪಿಸಲು ಬಿಳಿಜುಟ್ಟಿನದ್ದು ಜಾಗದ ಹಂಗು ಬಿಟ್ಟಿತ್ತು. ವಿಶಾಲ ಕಾಡಿನಲ್ಲಿ ಅದನ್ನು ಉಳಿಸಿದ್ದೂ ಅದೇ, ತುಂಡು ಕಾಡಿನಿಂದ ಓಡಿಸಿದ್ದೂ ಅದೇ. ಎರಡೆಕರೆಯಲ್ಲೇ ಎಲೆ ಕೆದಕಿ ಬದುಕುವ ಹಕ್ಕಿಯಾಗಿದ್ದರೆ ಇನ್ನಷ್ಟು ಕಾಲ ಎಳೆದಾಡಬಹುದಿತ್ತು.

ಹಳೆಯ ದಾರಿಗೆ ಮರಳುವುದಾದರೂ ಸಾಧ್ಯವಾ? ಈ ಕುಟುಂಬದ ವಂಶವೃಕ್ಷವನ್ನು ಡಿಎನ್‌ಎ ಮೂಲಕ ಬಿಡಿಸಿ ನೋಡಿದ ಅಧ್ಯಯನವೊಂದು 2007ರಲ್ಲಿ ಬಂತು. ಮೊದಲು ಅಪರೂಪಕ್ಕೆ ಇರುವೆ ದಾಳಿಗೆ ಬರುತ್ತಿದ್ದ ಹಕ್ಕಿಗಳು ಆಮೇಲೆ ರೂಢಿಯಾಗಿ ಬರತೊಡಗಿ, ಕೊನೆಗೆ ಕೆಲವು ಪೂರ್ತಿ ಇರುವೆಯನ್ನೇ ನೆಚ್ಚಿಕೊಂಡವು ಅಂತ ಅದು ತೋರಿಸಿತು. ಪೂರ್ತಿ ನೆಚ್ಚಿಕೊಂಡ ಮೇಲೆ ಅದನ್ನು ಬಿಟ್ಟು ವಾಪಸ್ ಬಂದ ಒಂದು ಉದಾಹರಣೆಯೂ ಅದರಲ್ಲಿ ಸಿಗಲಿಲ್ಲ. ಈ ನೆಂಟಸ್ತಿಕೆ ಶುರುವಾಗಿದ್ದು ಮಯೋಸೀನ್ ಯುಗದ ಕೊನೆಯ ಭಾಗದಲ್ಲಿ, ಅಂದರೆ ಕಡಿಮೆಯೆಂದರೂ 50 ಲಕ್ಷ ವರ್ಷಗಳ ಹಿಂದೆ.

ನೆಂಟಸ್ತಿಕೆ ಅಂದೆ, ಆದರೆ ಇರುವೆಗೆ ಇದರಲ್ಲಿ ಏನು ಸಿಗುತ್ತದೆ? ಏನೂ ಇಲ್ಲ. ಬದಲಿಗೆ ನಷ್ಟ. ಪನಾಮಾದಲ್ಲಿ ಹಕ್ಕಿಗಳನ್ನು ದಾಳಿಯಿಂದ ದೂರವಿಟ್ಟು ನೋಡಿದಾಗ ಇರುವೆಗಳಿಗೆ ಜಾಸ್ತಿ ಬೇಟೆ ಸಿಕ್ಕಿತು. ಹಕ್ಕಿ ಕದಿಯುತ್ತಿದೆ ಅಂತಲೇ ಲೆಕ್ಕ. ಹಕ್ಕಿಯಿಂದಲೂ ಲಾಭ ಮಾಡಿಕೊಳ್ಳುವವರಿದ್ದಾರೆ ಅನ್ನಿ: ಕೆಲವು ಚಿಟ್ಟೆಗಳು ದಾಳಿಯ ಹಿಂದೆ ಹಿಂದೆ ಬರುತ್ತವೆ, ಅವಕ್ಕೆ ಬೇಕಾದದ್ದು ಎಲೆಗಳ ಮೇಲೆ ಬಿದ್ದ ಈ ಹಕ್ಕಿಗಳ ಹಿಕ್ಕೆ. ದಂಡಿನ ಮೇಲೆ ಗುಂಯ್‌ಗುಡುತ್ತಾ ಹಾರುವ ನೊಣಗಳು ಓಡುವ ಜಿರಳೆಗಳ ಮೇಲೆ ಮೊಟ್ಟೆ ಇಡುತ್ತವೆ. ಈ ಒಂದೇ ಜಾತಿಯ ಇರುವೆಯನ್ನು ಆಶ್ರಯಿಸಿದ 300ಕ್ಕೂ ಹೆಚ್ಚು ಪ್ರಾಣಿಗಳನ್ನು ವಿಜ್ಞಾನಿಗಳು ಪಟ್ಟಿ ಮಾಡಿದ್ದಾರೆ.

ಮನಾಸ್‌ನ ಕತೆಗೆ ಇನ್ನೊಂದು ಭಾಗವಿದೆ. ಆ ಹುಲ್ಲುಗಾವಲುಗಳಲ್ಲಿ ದನ ಸಾಕುವುದು ಲಾಭ ತರಲಿಲ್ಲ, ಅನೇಕ ಕಡೆ ಹಾಗೇ ಬಿಟ್ಟುಹೋದರು. ಬಿಟ್ಟ ಜಾಗದಲ್ಲಿ ಮರುಕಾಡು ಎದ್ದಿತು. ಕಡಿದ ಮೇಲೆ ಬೆಂಕಿ ಹಾಕದೆ ಬಿಟ್ಟ ಕಡೆಗಳಲ್ಲಿ ಸಿಕ್ರೋಪಿಯಾ ಎಂಬ ಮರ ಬೇಗ ಬೇಗ ಬೆಳೆದು ಮೇಲೆ ನೆರಳು ಮಾಡಿತು. ಸುಟ್ಟು ದನ ಮೇಯಿಸಿದ ಕಡೆಗಳಲ್ಲಿ ವಿಸ್ಮಿಯಾ ಎಂಬ ಗಿಡ ಬಂತು, ಅಲ್ಲಿ ಕಾಡು ತಡವಾಗಿ ಚೇತರಿಸಿಕೊಂಡಿತು. ಸಿಕ್ರೋಪಿಯಾ ಸುತ್ತುವರಿದ ತುಂಡುಗಳಿಗೆ ಕೆಲವೇ ವರ್ಷಗಳಲ್ಲಿ ಇರುವೆಹಕ್ಕಿಗಳು ವಾಪಸ್ ಬಂದವು. ತುಂಡು ದೊಡ್ಡದಾಗಿರಲಿಲ್ಲ, ಅದೇ 10 ಹೆಕ್ಟೇರ್. ಆದರೆ ನೆರಳಿನಲ್ಲೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಲು ದಾರಿ ಸಿಕ್ಕಿತ್ತು. ಕಡಿದ ಕಾಡು ಎಲ್ಲವೂ ಒಂದೇ ಅಲ್ಲ, ಹೇಗೆ ಕಡಿದರು ಮತ್ತು ಆಮೇಲೆ ಏನು ಮಾಡಿದರು ಅನ್ನುವುದರ ಮೇಲೆ ಹಕ್ಕಿ ಬರುತ್ತದೋ ಇಲ್ಲವೋ ನಿಂತಿದೆ.

ಅಳಿವಿನ ಅಪಾಯದ ಪಟ್ಟಿಯಲ್ಲಿ ಹುಡುಕಿದರೆ ಬಿಳಿಜುಟ್ಟಿನ ಇರುವೆಹಕ್ಕಿಯ ಹೆಸರಿನ ಮುಂದೆ ಸದ್ಯಕ್ಕೆ ಆತಂಕವಿಲ್ಲ ಎಂಬ ವರ್ಗವೇ ಇದೆ. ಸರಿಯೇ, ಉತ್ತರ ಅಮೆಜಾನಿನಲ್ಲಿ ಇನ್ನೂ ಕಡಿಯದ ಕಾಡು ಬೇಕಾದಷ್ಟಿದೆ. ಇದೇ ಕುಲದಲ್ಲಿ ಇರುವ ಇನ್ನೊಂದೇ ಒಂದು ಜಾತಿ, ಮುಖವೆಲ್ಲ ಬಿಳಿಯಾದ ಪಿಥಿಸ್ ಕ್ಯಾಸ್ಟೇನಿಯಸ್, ಅದರ ಪಾಡು ಬೇರೆ. 1937ರಲ್ಲಿ ಸಿಕ್ಕ ಒಂದೇ ಒಂದು ಹಕ್ಕಿಯ ಮೇಲೆ ಅದಕ್ಕೆ ಹೆಸರಿಟ್ಟಿದ್ದರು. ಆಮೇಲೆ ದಶಕಗಟ್ಟಲೆ ಯಾರಿಗೂ ಕಾಣದೆ, ಇದು ಬೇರೆ ಜಾತಿಯೇ ಅಲ್ಲ, ಯಾವುದೋ ಎರಡು ಹಕ್ಕಿಗಳ ಬೆರಕೆ ಇರಬೇಕು ಅನ್ನುವವರೆಗೂ ಮಾತು ಹೋಗಿತ್ತು. 2001ರಲ್ಲಿ ಪೆರುವಿನ ಬಿಳಿಮರಳಿನ ನೆಲದ ಕಾಡೊಂದರಲ್ಲಿ ಅದು ಮತ್ತೆ ಸಿಕ್ಕಿತು, ಅಲ್ಲೂ ಇರುವೆ ದಂಡಿನ ಮುಂದೆಯೇ.